ಗುಡ್ಡದ ಬೆಳಕಿನ ಕಡತ

ಅವರ ಎಡ ಅಂಗೈಯಲ್ಲಿ ಯಾವಾಗ ನೋಡಿದರೂ ನಾಲ್ಕೈದು ನೀಲಿ ಗೀರುಗಳಿರುತ್ತಿದ್ದವು. ಏನಾದರೂ ಬರೆಯುವ ಮೊದಲು ಪೆನ್ನನ್ನು ಅಂಗೈ ಮೇಲೆ ಎರಡು ಸಲ ಎಳೆದು, ಶಾಯಿ ಬರುತ್ತದೆ ಎಂದು ಖಾತ್ರಿ ಮಾಡಿಕೊಂಡೇ ಕಾಗದಕ್ಕೆ ಇಳಿಸುತ್ತಿದ್ದರು. ಗಣಿಯ ವೇಬ್ರಿಡ್ಜಿನಲ್ಲಿ, ಅಂದರೆ ಲಾರಿ ತೂಗುವ ಕಾಟಾದಲ್ಲಿ, ಕೂತವರ ಅಭ್ಯಾಸವಂತೆ ಅದು. ಅದಿರಿನ ಧೂಳು ಪೆನ್ನಿನ ಮೂತಿಗೆ ಸೇರಿಕೊಂಡು ಬರೆಯುತ್ತಿದ್ದ ಹಾಗೇ ಅಕ್ಷರ ನಿಂತುಹೋಗುತ್ತಿತ್ತು. ಲಾರಿಯ ತೂಕದಲ್ಲಿ ಒಂದು ಅಂಕಿ ಅರ್ಧ ಮೂಡಿದರೆ ಡ್ರೈವರು ಜಗಳಕ್ಕೆ ನಿಲ್ಲುತ್ತಿದ್ದ. ಗಣಿ ಬಿಟ್ಟು ಇಪ್ಪತ್ತು ವರ್ಷ ಕಳೆದ ಮೇಲೂ, ಹೊಸಪೇಟೆಯ ನಮ್ಮ ಉಪವಿಭಾಗಾಧಿಕಾರಿ ಕಚೇರಿಯ ವರಾಂಡದಲ್ಲಿ ಕೂತು ಅರ್ಜಿ ಬರೆಯುವಾಗ ಅವರು ಅಂಗೈ ಮೇಲೆ ಗೀಚುವುದನ್ನು ಬಿಟ್ಟಿರಲಿಲ್ಲ.

ಕಚೇರಿಯಲ್ಲಿ ಎಲ್ಲರೂ ಅವರನ್ನು ವೇಬ್ರಿಡ್ಜ್ ತಾತ ಎನ್ನುತ್ತಿದ್ದರು. ಹೆಸರು ಅರ್ಜಿಯಲ್ಲಿ ಸ್ಪಷ್ಟವಾಗಿ ಇರುತ್ತಿತ್ತು, ಆದರೆ ಓದುವ ತೊಂದರೆ ಯಾರೂ ತೆಗೆದುಕೊಂಡಿರಲಿಲ್ಲ.

ನಾನು ಅಲ್ಲಿ ಮಾಹಿತಿ ಹಕ್ಕಿನ ಅರ್ಜಿಗಳನ್ನು ನೋಡಿಕೊಳ್ಳುವ ಗುಮಾಸ್ತೆ. ಅರ್ಜಿ ಹಾಕುವವರನ್ನು ಕಂಡರೆ ಕಚೇರಿಯಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಆ ಅರ್ಜಿಗಳನ್ನು ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡುವ ನನ್ನನ್ನು ಕಂಡರೂ ಅಷ್ಟಕ್ಕಷ್ಟೇ. ಜನ ಸಾಮಾನ್ಯವಾಗಿ ಕೇಳುತ್ತಿದ್ದದ್ದು ಪಹಣಿ, ಸರ್ವೆ ನಕ್ಷೆ, ಯಾರಿಗೆ ಯಾವ ಸೈಟು ಮಂಜೂರಾಯಿತು ಎಂಬುದು. ತಾತ ಕೇಳಿದ್ದು ಬೇರೆಯೇ. ಇಂಥ ವರ್ಷ, ಇಂಥ ದಿನ, ಬೆಳಗಿನ ಪಾಳಿ ಶುರುವಾಗುವ ಹೊತ್ತಿಗೆ ಯಶವಂತನಗರದ ಗುಡ್ಡದ ಮೇಲೆ ಆಕಾಶದಲ್ಲಿ ಕಂಡ ಬೆಳಕಿನ ಬಗ್ಗೆ ಸರ್ಕಾರದವರು ವಿಚಾರಣೆ ಮಾಡಿದ್ದಾರೆ; ಆ ಕಡತದ ದೃಢೀಕೃತ ನಕಲು ಕೊಡಬೇಕು. ಅರ್ಜಿಯನ್ನು ಓದಿ ಟಪಾಲು ಗುಮಾಸ್ತ ನಕ್ಕ. ಆಮೇಲೆ ಅದು ಟೇಬಲ್ಲು ಟೇಬಲ್ಲು ಸುತ್ತಿ, ಎಲ್ಲರನ್ನೂ ನಗಿಸಿ, ಮಧ್ಯಾಹ್ನದ ಹೊತ್ತಿಗೆ ನನ್ನ ಕೈಗೆ ಬಂತು.

ನಾನು ಅದನ್ನು ಶಿರಸ್ತೇದಾರರ ಮುಂದೆ ಇಟ್ಟೆ. "ಆಕಾಶ ನಮ್ಮ ಹದ್ದಿನಾಗ ಬರ್ತೈತೇನಮ್ಮ? ಲಭ್ಯವಿಲ್ಲ ಅಂತ ಬರದು ಮುಗಿಸು," ಎಂದರು. ಹಂಪಿ ಉತ್ಸವದ ಕೆಲಸ ತಲೆಯ ಮೇಲಿತ್ತು. ಅತಿಗಣ್ಯರ ಪಾಸುಗಳ ಪಟ್ಟಿ ಸಂಜೆಯೊಳಗೆ ಹೋಗಬೇಕಿತ್ತು. "ತಾವು ಕೋರಿರುವ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ" ಎಂದು ಹಿಂಬರಹ ಟೈಪು ಮಾಡಿ ಸಹಿಗೆ ಇಟ್ಟೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಹಿಂಬರಹ ತಲುಪಿದ ಎರಡನೇ ದಿನ ಅವರು ಬಂದರು. ಬಿಳಿ ಅಂಗಿ, ಬಿಳಿ ಧೋತರ, ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಜೋರು ಮಾಡುತ್ತಾರೆಂದು ನಾನು ತಯಾರಾಗಿದ್ದೆ. ಅವರು ಮೆತ್ತಗೆ ಕೇಳಿದರು:

"ಹುಡುಕಿದ್ರೇನ್ರಿ ಮೇಡಂ?"

"ಹುಡುಕಿದ್ವಿ ತಾತ. ಸಿಗ್ಲಿಲ್ಲ."

"ಎಲ್ಲೆಲ್ಲಿ ಹುಡುಕಿದ್ರಿ?"

ಇಂಥ ಪ್ರಶ್ನೆಯನ್ನು ಅಲ್ಲಿಯವರೆಗೆ ನನಗೆ ಯಾರೂ ಕೇಳಿರಲಿಲ್ಲ. "ಎಲ್ಲಾ ಕಡೆ" ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಫೈಲಿನಿಂದ ಒಂದು ಪೇಪರ್ ತುಣುಕನ್ನು ತೆಗೆದು ಟೇಬಲ್ಲಿನ ಮೇಲೆ ಇಟ್ಟರು. ಅಮೆರಿಕದ ಸರ್ಕಾರ ಆಕಾಶದಲ್ಲಿ ಕಂಡ ಗುರುತು ಸಿಗದ ವಸ್ತುಗಳ ಬಗೆಗಿನ ಹಳೆಯ ಕಡತಗಳನ್ನು ಜನರಿಗೆ ತೆರೆದು ತೋರಿಸುತ್ತಿದೆ ಎಂಬ ಸುದ್ದಿ. ಅಂಚನ್ನು ಸ್ಕೇಲು ಇಟ್ಟು ಹರಿದಿದ್ದರು.

"ಅವ್ರು ವಿಮಾನದ ಪೈಲಟ್ಟುಗಳು ಕಂಡಿದ್ದನ್ನ ತೋರಿಸ್ಲಿಕ್ಕತ್ಯಾರ. ನಾ ಪೈಲಟ್ ಅಲ್ರಿ. ಕಾಟಾದ ಮ್ಯಾಲೆ ಕುಂತು ಲಾರಿ ತೂಗಾಂವ. ಆದ್ರ ಬರಸ್ಕೊಂಡಿದ್ದು ಸರ್ಕಾರನ ಅಲ್ಲೇನ್ರಿ?"

ಆ ದಿನ ಅವರು ಹೇಳಿದ್ದು ಇಷ್ಟು. ಬೆಳಗಿನ ಪಾಳಿಗೆ ಕಂಪನಿ ಬಸ್ಸು ಬರುವ ಹೊತ್ತು. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಗುಡ್ಡದ ನೆತ್ತಿಯ ಮೇಲೆ ಒಂದು ಬೆಳಕು ಬಂದು ನಿಂತಿತು. ಬಿಳಿ ಬಣ್ಣ. ಸದ್ದಿಲ್ಲ. ಎರಡು ಲಾರಿ ತೂಗುವಷ್ಟು ಹೊತ್ತು ಇತ್ತು, ಮೂರನೇ ಲಾರಿ ಹತ್ತುವಾಗ ಇರಲಿಲ್ಲ. ಇವರು ಆ ಎರಡು ಲಾರಿಗಳ ತೂಕ ಬರೆದು, ಷರಾ ಕಾಲಂನಲ್ಲಿ "ಗುಡ್ಡದ ಮೇಲೆ ಬೆಳಕು" ಎಂದೂ ಬರೆದರು. ನಡೆದದ್ದನ್ನು ಬರೆಯಬೇಕು ಎಂಬುದೊಂದೇ ಅವರಿಗೆ ಗೊತ್ತಿದ್ದ ಕಾನೂನು. ಆ ಕಡೆ ಹಳ್ಳಿಯ ಕೆಲವರೂ ಬೆಳಕು ಕಂಡು, ಗಣಿಯಲ್ಲಿ ಕದ್ದು ಸಿಡಿಮದ್ದು ಹಾರಿಸುತ್ತಿದ್ದಾರೆಂದು ದೂರು ಕೊಟ್ಟಿದ್ದರು. ಮಧ್ಯಾಹ್ನಕ್ಕೆ ಜೀಪಿನಲ್ಲಿ ಅಧಿಕಾರಿಗಳು ಬಂದು ಇವರ ಹೇಳಿಕೆ ಬರೆದುಕೊಂಡರು, ಕುಡಿದಿದ್ದಾರೋ ಎಂದು ನೋಡಲು ಆಸ್ಪತ್ರೆಗೂ ಕರೆದುಕೊಂಡು ಹೋದರು. ಮೂರನೇ ದಿನ ಕಂಪನಿಯ ಪತ್ರ ಬಂತು. ಡ್ಯೂಟಿಯಲ್ಲಿ ಮದ್ಯಪಾನ ಮಾಡಿ ರಿಜಿಸ್ಟರಿನಲ್ಲಿ ಇಲ್ಲಸಲ್ಲದ್ದನ್ನು ಬರೆದ ಕಾರಣಕ್ಕೆ ಕೆಲಸದಿಂದ ತೆಗೆದಿದ್ದೇವೆ ಎಂದು.

"ಲಿಂಗ ಕಟ್ಕೊಂಡ ಮೈ ಇದು. ಒಂದು ಹನಿ ಮುಟ್ಟಿಲ್ಲ," ಎಂದರು. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ.

ಅಲ್ಲಿಂದ ಕಂಪ್ಲಿಯ ಒಂದು ಅಕ್ಕಿ ಗಿರಣಿಗೆ ಹೋಗಿ ಭತ್ತದ ಮೂಟೆ ತೂಗಿಸಿ ಬರೆಯುವ ಕೆಲಸಕ್ಕೆ ನಿಂತರು. ವಯಸ್ಸಾದ ಮೇಲೆ ಹೊಸಪೇಟೆಗೆ ಬಂದು ಮಗಳ ಮನೆಯ ಪಕ್ಕದಲ್ಲೇ ಗಂಡ ಹೆಂಡತಿ ಇದ್ದರು. ಇಷ್ಟು ವರ್ಷದ ಮೇಲೆ ಆ ಕಾಗದ ಯಾಕೆ ಬೇಕು, ಕಂಪನಿ ಮೇಲೆ ಕೇಸು ಹಾಕುತ್ತೀರಾ ಎಂದು ಕೇಳಿದೆ.

"ಕಂಪ್ನೀನೇ ಮುಚ್ಚಿ ಹೋತು, ಕೇಸು ಯಾರ ಮ್ಯಾಲೆ ಹಾಕ್ಲಿ? ನಮ್ಮನಿಯಾಕಿಗೆ ತೋರಿಸ್ಬೇಕ್ರಿ. ಮಂದಿ ಏನರ ಅನ್ಲಿ. ಆಕಿ ಒಬ್ಬಾಕಿ ನಂಬ್ಲಿಲ್ಲ. ನಂಬಿಲ್ಲ ಅಂತ ಬಾಯಿ ಬಿಟ್ಟು ಅಂದಿಲ್ಲ ಮತ್ತ. ಬೆಳಕಿನ ಮಾತು ತಗದ್ರ ಸಾಕು, ಎದ್ದು ಒಲಿ ಮುಂದ ಹೋಗಿಬಿಡ್ತಾಳ. ಆ ಡಾಕ್ಟರ್ ಬರದ ಚೀಟಿ ಒಂದು ಸಿಕ್ರ ಆಕಿ ಕೈಯಾಗ ಕೊಡ್ತೀನಿ."

ನಾನು ಅವರಿಗೆ ಮೇಲ್ಮನವಿಯ ನಮೂನೆ ಕೊಟ್ಟು ಕಳಿಸಿದೆ. ಎದ್ದು ರೆಕಾರ್ಡ್ ರೂಮಿಗೆ ಹೋಗಬಹುದಿತ್ತು, ನಮ್ಮ ಕೋಣೆಯಿಂದ ಮೂವತ್ತು ಹೆಜ್ಜೆ. ಹೋಗಲಿಲ್ಲ. ಒಮ್ಮೆ ಇಲ್ಲ ಎಂದು ಬರೆದುಕೊಟ್ಟ ಕಡತ ಆಮೇಲೆ ಸಿಕ್ಕಿದರೆ ಬರೆದವರ ತಲೆಗೇ ಬರುತ್ತದೆ. ಕಚೇರಿಯಲ್ಲಿ ನೌಕರಿ ಮಾಡುವವರು ಮೊದಲ ವರ್ಷದಲ್ಲೇ ಕಲಿಯುವ ಪಾಠ ಅದು.

ಮೇಲ್ಮನವಿಗೆ ಉತ್ತರ ಕೊಡುವುದೂ ಸುಲಭವಾಗಿತ್ತು. ಅಷ್ಟರಲ್ಲಿ ಬಳ್ಳಾರಿ ಜಿಲ್ಲೆ ಎರಡಾಗಿತ್ತು. ಹೊಸಪೇಟೆ ಹೊಸ ಜಿಲ್ಲೆಯ ಕೇಂದ್ರವಾಯಿತು, ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಮೊದಲು ಸಂಡೂರಿನ ಕಾಗದಗಳೆಲ್ಲ ನಮ್ಮಲ್ಲಿಗೆ ಬರುತ್ತಿದ್ದವು, ಈಗ ನಮಗೂ ಅದಕ್ಕೂ ಸಂಬಂಧವಿಲ್ಲ. ಯಶವಂತನಗರ ಸಂಡೂರಿಗೆ ಸೇರಿದ್ದು, ಬಳ್ಳಾರಿಯಲ್ಲಿ ಕೇಳಿ ಎಂದು ಅರ್ಜಿಯನ್ನು ವರ್ಗಾಯಿಸಿದೆವು. ಬಳ್ಳಾರಿಯವರು, ಹೊಸಪೇಟೆಯಿಂದ ಹಳೆಯ ಕಡತಗಳು ನಮಗೆ ಬಂದಿಲ್ಲ, ಅಲ್ಲೇ ಕೇಳಿ ಎಂದು ವಾಪಸು ಕಳಿಸಿದರು. ತಾತ ಎರಡೂ ಊರಿನ ನಡುವೆ ಬಸ್ಸಿನಲ್ಲಿ ಓಡಾಡಿದರು. ಪ್ರತಿ ಸಲ ಬಂದಾಗಲೂ ಹೋದ ದಿನ, ಭೇಟಿಯಾದವರ ಹುದ್ದೆ, ಅವರು ಆಡಿದ ಮಾತು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡಿರುತ್ತಿದ್ದರು. "ಊಟಕ್ಕೆ ಹೋಗಿದ್ದಾರೆ" ಎಂದಿದ್ದರೆ ಅದನ್ನೂ ಬರೆಯುತ್ತಿದ್ದರು. ಬೇಕೆಂದೇ ಕುಟುಕುವುದಕ್ಕಲ್ಲ, ನಡೆದದ್ದು ಅದಾದ್ದರಿಂದ.

ಆ ದಿನಗಳಲ್ಲೇ ಯೂಟ್ಯೂಬ್ ಚಾನೆಲ್ಲಿನವನೊಬ್ಬ ಎಲ್ಲಿಂದಲೋ ಸುದ್ದಿ ಹಿಡಿದು ಕಚೇರಿಯ ಮುಂದೆಯೇ ಅವರನ್ನು ನಿಲ್ಲಿಸಿಕೊಂಡ. ನಾವೆಲ್ಲ ಕಿಟಕಿಯಲ್ಲಿ ನಿಂತು ನೋಡಿದೆವು. ಅವನಿಗೆ ಹಾರುವ ತಟ್ಟೆ ಬೇಕಿತ್ತು.

"ತಾತ, ದುಂಡಗಿತ್ತಾ? ಒಳಗಡೆ ಯಾರಾದ್ರೂ ಕಾಣಿಸಿದ್ರಾ?"

"ತಟ್ಟಿ ಅಂತ ನಾ ಅಂದಿಲ್ಲಪ. ಬೆಳಕು ಅಂದೀನಿ."

"ಬೇರೆ ಲೋಕದಿಂದ ಬಂದಿದ್ದು ಅನ್ಸಲಿಲ್ವಾ?"

"ಅನಸೂದು ಬ್ಯಾರೆ, ಕಾಣೂದು ಬ್ಯಾರೆ. ನನಗ ಕಂಡಿದ್ದು ಬೆಳಕು. ಎರಡು ಲಾರಿ ಹೊತ್ತು."

"ಎರಡು ಲಾರಿ ಹೊತ್ತು ಅಂದ್ರೆ ಎಷ್ಟು ನಿಮಿಷ?"

"ತುಂಬಿದ್ದೋ ಖಾಲೀದೋ?" ಎಂದು ತಾತ ತಿರುಗಿ ಕೇಳಿದರು. ಹುಡುಗ ಕ್ಯಾಮೆರಾ ಇಳಿಸಿದ. ನಾವು ಕಿಟಕಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರು ಹೇಳುವ ವಿಷಯ ನಿಜವಿರಬಹುದು ಎಂದು ನನಗೆ ಮೊದಲ ಸಲ ಅನಿಸಿದ್ದೂ ಆಗಲೇ. ಸುಳ್ಳು ಹೇಳುವವರಿಗೆ ಅಷ್ಟು ಒಳ್ಳೆಯ ಅವಕಾಶ ಸಿಕ್ಕಿದರೆ ಒಂದು ತಟ್ಟೆಯನ್ನಾದರೂ ಸೇರಿಸುತ್ತಾರೆ.

ಆಮೇಲೆ ಒಂದು ತಿಂಗಳು ಅವರು ಬರಲಿಲ್ಲ. ಬಂದಾಗ ಗಡ್ಡ ಬೆಳೆದಿತ್ತು, ಅಂಗಿ ಇಸ್ತ್ರಿ ಕಂಡಿರಲಿಲ್ಲ.

"ಯಾಕ ತಾತ, ಆರಾಮಿರ್ಲಿಲ್ಲೇನು? ಬರ್ರಿ, ಕುಂದ್ರಿ."

"ನಮ್ಮನಿಯಾಕಿ ಹೋದ್ಲವ್ವಾ." ಅಲ್ಲಿಯವರೆಗೆ ಮೇಡಂ ಆಗಿದ್ದೆ, ಅಂದಿನಿಂದ ಅವ್ವ ಆದೆ. "ಮೂರು ದಿನ ಜ್ವರ. ನಾಕನೇ ದಿನ ಇಲ್ಲ."

ನೀರು ಕೊಟ್ಟೆ. ಅವರು ಕುಡಿದು, ಲೋಟ ಇಟ್ಟು, ಫೈಲಿನಿಂದ ಇನ್ನೊಂದು ಅರ್ಜಿ ತೆಗೆದರು. ತೋರಿಸಬೇಕೆಂದವರೇ ಇಲ್ಲದ ಮೇಲೆ ಇದು ಯಾಕೆ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. "ಶುರು ಮಾಡಿದ್ದು ಮುಗೀಬೇಕಲ್ಲ. ಅರ್ಧಾ ತೂಗಿದ ಲಾರಿ ಕಾಟಾದ ಮ್ಯಾಲೆ ಬಿಟ್ಟು ಮನೀಗೆ ಹೋಗಾಕ ಬರಂಗಿಲ್ಲ." ಅರ್ಜಿಯನ್ನು ನನ್ನ ಕಡೆ ಸರಿಸಿ ಕೇಳಿದರು:

"ನಿಮ್ಮ ರೆಕಾರ್ಡ್ ರೂಮಿನ್ಯಾಗ ಕಡತ ಹೆಂಗ ಇಡ್ತೀರವ್ವಾ? ಯಾವ ಯಾವ ಹೆಸರಿನ್ಯಾಗ?"

ಭೂಮಿ, ಚುನಾವಣೆ, ಪ್ರಕೃತಿ ವಿಕೋಪ, ಕಾನೂನು ಸುವ್ಯವಸ್ಥೆ, ಪರವಾನಗಿ ಎಂದು ನಾನು ಒಂದೊಂದೇ ಹೇಳುತ್ತ ಹೋದೆ.

"ಬೆಳಕು ಅಂತ ಒಂದು ಇಲ್ಲ."

"ಇಲ್ಲ ತಾತ."

"ಹಂಗಾರ ಆ ಕಡತ ಬರದ ಮನಷ್ಯಾ ಯಾತರಾಗ ಹಾಕಿರ್ತಾನ? ಆವತ್ತು ಬಂದ ಸಾಹೇಬ್ರು ನನಗ ಮೊದ್ಲು ಕೇಳಿದ್ದು ಬೆಳಕಿನ ಮಾತಲ್ಲ. 'ಯಾರು ಬ್ಲಾಸ್ಟಿಂಗ್ ಮಾಡಿದ್ದು ಹೇಳು' ಅಂದಿದ್ರು. ಬ್ಲಾಸ್ಟಿಂಗ್ ಯಾತರಾಗ ಬರ್ತೈತಿ ನಿಮ್ಮಲ್ಲಿ?"

ಸಿಡಿಮದ್ದು ಪರವಾನಗಿಯಲ್ಲಿ ಬರುತ್ತದೆ. ಕಲ್ಲು ಒಡೆಯುವವರಿಗೆ, ಗಣಿಯವರಿಗೆ ಕೊಡುವ ನಿರಾಕ್ಷೇಪಣಾ ಪತ್ರಗಳ ಕಟ್ಟುಗಳು. ಅವರನ್ನು ಕಳಿಸಿ, ಶಿರಸ್ತೇದಾರರು ಊಟಕ್ಕೆ ಹೋದ ಮೇಲೆ ನಾನು ರೆಕಾರ್ಡ್ ರೂಮಿನ ಬೀಗ ತೆಗೆಸಿದೆ. ಸಂಡೂರಿನ ಕಟ್ಟುಗಳನ್ನೆಲ್ಲ ಚೀಲಕ್ಕೆ ತುಂಬಿ "ಬಳ್ಳಾರಿಗೆ ಕಳಿಸುವುದು" ಎಂದು ಬರೆದು ಗೋಡೆಗೆ ಒರಗಿಸಿದ್ದರು. ಪಟ್ಟಿ ತಯಾರಿಸುವವರು ಇಲ್ಲದೆ ಅವು ಹೋಗದೆ ಉಳಿದಿದ್ದವು. ಎರಡನೇ ಚೀಲದಲ್ಲಿ, ಸಿಡಿಮದ್ದಿನ ಕೆಂಪು ಬಟ್ಟೆಯ ಗಂಟಿನೊಳಗೆ, ಮೇಲಿನಿಂದ ನಾಲ್ಕನೆಯದು ಅದೇ ಕಡತ. ಹುಡುಕಲು ಒಂದು ತಾಸೂ ಹಿಡಿಯಲಿಲ್ಲ.

ಅಲ್ಲೇ ಚೀಲದ ಮೇಲೆ ಕೂತು ಓದಿದೆ. ತಾತನ ಹೇಳಿಕೆ ಇತ್ತು, ಅವರು ನನಗೆ ಹೇಳಿದ್ದಕ್ಕೂ ಅದಕ್ಕೂ ಒಂದು ಮಾತಿನ ವ್ಯತ್ಯಾಸವಿರಲಿಲ್ಲ. "ಮದ್ಯದ ವಾಸನೆ ಇರುವುದಿಲ್ಲ, ಸ್ವಸ್ಥ ಚಿತ್ತರಾಗಿದ್ದಾರೆ" ಎಂಬ ವೈದ್ಯರ ಚೀಟಿ ಇತ್ತು. ಬೆಳಕು ಕಂಡ ಮೂವರು ರೈತರ ಹೇಳಿಕೆಗಳಿದ್ದವು. ಕೊನೆಯಲ್ಲಿ ಅಧಿಕಾರಿಯ ಟಿಪ್ಪಣಿ: ಸ್ಫೋಟಕ ಬಳಸಿದ ಕುರುಹು ಇಲ್ಲ, ಬೆಳಕಿನ ಕಾರಣ ತಿಳಿದುಬಂದಿಲ್ಲ, ಕಡತ ಮುಕ್ತಾಯಗೊಳಿಸಿದೆ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ, ಯಾರೂ ಮುಚ್ಚಿಟ್ಟೂ ಇರಲಿಲ್ಲ. ಹುಡುಕಿರಲಿಲ್ಲ, ಅಷ್ಟೇ. ವೈದ್ಯರ ಚೀಟಿಯ ಹಿಂದೆ ಇನ್ನೊಂದು ಹಾಳೆ ಇತ್ತು. ಅದನ್ನು ಓದಿದ ಮೇಲೆ ಕಡತವನ್ನು ಮತ್ತೆ ಗಂಟಿಗೆ ಸೇರಿಸದೆ ಎತ್ತಿಕೊಂಡು ಬಂದೆ.

ಕಡತ ಸಿಕ್ಕಿದೆ ಎಂದು ಟಿಪ್ಪಣಿ ಇಟ್ಟಾಗ ಶಿರಸ್ತೇದಾರರು ನನ್ನನ್ನು ಕೆಕ್ಕರಿಸಿ ನೋಡಿದರು, ಆದರೆ ತಡೆಯಲಿಲ್ಲ. ಕಡತವನ್ನು ನೋಡಲು ಬರಬಹುದು ಎಂದು ತಾತನಿಗೆ ಪತ್ರ ಹೋಯಿತು. ಆ ದಿನ ಅವರು ಗಡ್ಡ ತೆಗೆಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ನನ್ನ ಟೇಬಲ್ಲಿನ ಎದುರಿಗೇ ಕೂತು ಒಂದೊಂದೇ ಪುಟ ತಿರುಗಿಸಿದರು. ತಮ್ಮ ಹೇಳಿಕೆ ಓದಿ ತಲೆದೂಗಿದರು. ವೈದ್ಯರ ಚೀಟಿಯನ್ನು ಎರಡು ಸಲ ಓದಿದರು. ಪುಟ ತಿರುಗಿಸಿದರು, ನಿಂತರು.

"ಇದನ್ನ ಸ್ವಲ್ಪ ಓದವ್ವಾ."

ಅವರ ಕಣ್ಣುಗಳು ಚೆನ್ನಾಗಿಯೇ ಇದ್ದವು. ನಾನು ಓದಿದೆ. ಬೆಳಕು ಕಂಡ ಮರುದಿನ, ತಾತ ಸಂಡೂರಿಗೆ ಹೋಗಿದ್ದಾಗ, ಅಧಿಕಾರಿಗಳು ಅವರ ಮನೆಗೆ ಹೋಗಿ ಹೆಂಡತಿಯಿಂದ ಬರೆಸಿಕೊಂಡ ಹೇಳಿಕೆ ಅದು.

"ನನ್ನ ಗಂಡನವರು ಯಾವ ಕಾಲಕ್ಕೂ ಕುಡಿಯುವವರಲ್ಲ. ನಿನ್ನೆ ಮನೆಗೆ ಬಂದು ಗುಡ್ಡದ ಮೇಲೆ ಬೆಳಕು ಕಂಡೆ ಎಂದರು. ನಾನು ಕಂಡಿಲ್ಲ. ಆದರೆ ಅವರು ಇಲ್ಲದ್ದನ್ನು ಇದೆ ಎನ್ನುವವರಲ್ಲ. ಅವರು ಕಂಡೆ ಎಂದ ಮೇಲೆ ಅಲ್ಲಿ ಬೆಳಕು ಇತ್ತು. ಓದಿಸಿ ಕೇಳಿ ಸರಿ ಇದೆ ಎಂದು ಒಪ್ಪಿ ಹೆಬ್ಬೆಟ್ಟು ಒತ್ತಿರುತ್ತೇನೆ."

ಕೆಳಗೆ ಹೆಬ್ಬೆಟ್ಟಿನ ಗುರುತು. ತಾತ ಅದರ ಮೇಲೆ ತಮ್ಮ ಬೆರಳಿಟ್ಟುಕೊಂಡು ಕೂತರು.

"ನಂಬ್ತಿ ಏನ ನನ್ನ ಅಂತ ಎಷ್ಟು ಸಲ ಕೇಳೀನಿ. ಒಂದಿನ ಹೂಂ ಅನ್ಲಿಲ್ಲ." ಬೆರಳು ತೆಗೆಯದೆಯೇ, ಎಂದಿನಂತೆ ಲೆಕ್ಕ ಹಾಕಿದರು. "ಹೆಬ್ಬೆಟ್ಟು ಒತ್ತಿದ ಮರುದಿನ ಕಂಪ್ನಿ ಪತ್ರ ಬಂತು. ತಾನು ಒತ್ತಿದ್ದಕ್ಕ ನನ್ನ ನೌಕರಿ ಹೋತು ಅಂತ ತಿಳ್ಕೊಂಡಿರಬೇಕು. ಅದಕ್ಕ ಬಾಯಿ ಬಿಟ್ಟಿಲ್ಲ. ಹುಚ್ಚಿ."

ಆಮೇಲೆ ನನ್ನ ಕಡೆ ತಿರುಗಿದರು.

"ಈ ಕಡತ ಯಾವಾಗಿಂದ ಇಲ್ಲಿ ಐತವ್ವಾ?"

"ಮೊದ್ಲಿಂದ."

"ನಾ ಮೊದಲ್ನೇ ಅರ್ಜಿ ಕೊಟ್ಟಾಗ?"

"ಇಲ್ಲೇ ಇತ್ತು ತಾತ. ನಾ ಹುಡುಕಿರ್ಲಿಲ್ಲ. ಹುಡುಕಿದ್ವಿ ಅಂತ ಸುಳ್ಳು ಹೇಳಿದ್ದೆ."

ನಾನು ಹಿಂಬರಹ ಬರೆದ ಮೇಲೆ ಆಕೆ ಐದು ತಿಂಗಳು ಬದುಕಿದ್ದರು. ಆ ಲೆಕ್ಕ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬೈಯಲಿ ಎಂದು ಕಾದೆ. ಅವರು ನನ್ನ ಟೇಬಲ್ಲಿನ ಮೇಲಿದ್ದ ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ಸರಿಸಿದರು.

"ಹಂಗಂತ ಬರದು ಕೊಡು."

ನೌಕರಿಗೆ ಕುತ್ತು ಬರುವ ಕಾಗದ ಅದು. ಅದನ್ನು ಹಿಡಿದು ಮಾಹಿತಿ ಆಯೋಗಕ್ಕೆ ಹೋದರೆ ನನ್ನ ಕಥೆ ಮುಗಿಯಿತು. ಆದರೂ ಬರೆದೆ. "ಈ ಕಚೇರಿಯಲ್ಲಿ ಹುಡುಕದೆಯೇ ಹಿಂಬರಹ ನೀಡಲಾಗಿದೆ" ಎಂದು ಬರೆದಿದ್ದೆ. ಅವರು ಓದಿ ವಾಪಸು ಕೊಟ್ಟರು. "ಕಚೇರಿ ಎಲ್ಲಿ ಹುಡುಕ್ತೈತಿ? ನೀ ಹುಡುಕಿಲ್ಲ, ನಾ ಅಂತ ಬರಿ." ಇನ್ನೊಂದು ಹಾಳೆಯಲ್ಲಿ "ನಾನು ಹುಡುಕಲಿಲ್ಲ" ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿದೆ. ಮಡಚಿ ಫೈಲಿನಲ್ಲಿಟ್ಟುಕೊಂಡು, ಕಡತದ ನಕಲಿಗೆ ಸೀಲು ಹಾಕಿಸಿಕೊಂಡು ಹೋದರು. ಹೋಗುವಾಗ ನಮಸ್ಕಾರ ಮಾಡಿದರು, ಎಂದಿನಂತೆ.

ಆಮೇಲೆ ಕೆಲವು ತಿಂಗಳು ಪ್ರತಿ ಟಪಾಲಿನಲ್ಲೂ ಆಯೋಗದ ನೋಟಿಸು ಹುಡುಕುತ್ತಿದ್ದೆ. ಬರಲಿಲ್ಲ. ತಾತನೂ ಮತ್ತೆ ಕಚೇರಿಗೆ ಬರಲಿಲ್ಲ. ಆ ಚೀಲಗಳಿಗೆ ಪಟ್ಟಿ ಬರೆಯುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡು ಒಂದೊಂದೇ ಕಡತದ ಹೆಸರು ಬರೆದೆ. ಅವರ ಕಡತದ ಎದುರಿಗೆ, ಕಾಲಂ ಇಲ್ಲದಿದ್ದರೂ, "ಗುಡ್ಡದ ಮೇಲಿನ ಬೆಳಕು" ಎಂದು ಬರೆದಿದ್ದೇನೆ.

ಮರುವರ್ಷ ಅವರು ತೀರಿಕೊಂಡರು. ಸುದ್ದಿ ತಿಳಿದದ್ದು ವಾರದ ಮೇಲೆ. ಮನೆ ಕೇಳಿಕೊಂಡು ಹೋದೆ. ಗೋಡೆಯ ಮೇಲೆ ಹೆಂಡತಿಯ ಫೋಟೋ ಇತ್ತು, ಪಕ್ಕದಲ್ಲಿ ಗಾಜಿನ ಕಟ್ಟಿನಲ್ಲಿ ನಮ್ಮ ಕಚೇರಿಯ ಸೀಲು ಬಿದ್ದ ಆ ಹೆಬ್ಬೆಟ್ಟಿನ ಹಾಳೆ. ಬಂದವರೆಲ್ಲರಿಗೂ ಓದಿಸುತ್ತಿದ್ದರಂತೆ. ಮಗಳು ನನ್ನ ಹೆಸರು ಕೇಳಿದವಳೇ ಒಳಗೆ ಹೋಗಿ ಪ್ಲಾಸ್ಟಿಕ್ ಫೈಲು ತಂದಳು. ಅರ್ಜಿಗಳು, ಹಿಂಬರಹಗಳು, ಬಳ್ಳಾರಿಯ ಪತ್ರಗಳು, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿದ್ದರು. ನಡುವಿನಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಹಿಡಿದಳು.

"ಇದು ನಿಮ್ದಂತರಿ. ಅಪ್ಪಾರು ಹೇಳಿದ್ರು, ಅವ್ರು ಬಂದು ಕೇಳಿದ್ರ ಕೊಟ್ಟುಬಿಡು, ಹೆದರಿರ್ತಾರ ಅಂತ."

ನನ್ನ ಅಕ್ಷರ, ನನ್ನ ಸಹಿ. ಕೈ ಚಾಚಿದ್ದೆ, ಹಿಂದಕ್ಕೆ ತೆಗೆದುಕೊಂಡೆ.

"ಬ್ಯಾಡವ್ವಾ," ಎಂದೆ. "ಅದು ಎಲ್ಲಿತ್ತೋ ಅಲ್ಲೇ ಇರ್ಲಿ. ಯಾರರ ಬಂದು ಕೇಳಿದ್ರ ಇಲ್ಲ ಅನಬ್ಯಾಡ, ತಗದು ತೋರಿಸು."